ಕ್ರಾಸ್ ಲೈನಿನಲ್ಲಿ ಚೆಕ್

"ಇವತ್ತಿಗೆ ಆ ಅಣ್ಣುವಿನ ಕಥೆ ಮುಗೀತು ಅಂತ ತಿಳ್ಕೋ!" ಎಂದು ಜಯಸಿಂಹ ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯ ಮುಂದೆ ಘೋಷಿಸಿದ. "ಸಾಲಾಗಿ ಐದು ಆಟ. ಐದೂ ನನ್ನದೇ! ಇನ್ಮೇಲೆ ಅವನು ಫೋನೆತ್ತೋದಕ್ಕೇ ಹೆದರಬೇಕು!"

"ಮೊದಲು ನೀವು ಫೋನಿಡೋದನ್ನ ಕಲೀರಿ," ಎಂದಳು ಹೆಂಡತಿ ಶಾಮಲಾ. "ಎಂಟು ವರ್ಷ ಕಾದು ತಗೊಂಡ ಫೋನು. ಬಂದಾಗಿನಿಂದ ಅದರಲ್ಲಿ ಆನೆ, ಕುದುರೆ, ಒಂಟೆ ಬಿಟ್ರೆ ಮನುಷ್ಯರ ಸುದ್ದಿ ಒಂದೂ ಬಂದಿಲ್ಲ."

ಜಯಸಿಂಹನ ಚದುರಂಗ ಎಲ್ಲರ ಚದುರಂಗದಂತಲ್ಲ. ಗಲ್ಲಕ್ಕೆ ಕೈಕೊಟ್ಟು ಗಂಟೆಗಟ್ಟಲೆ ಯೋಚಿಸುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಅವನದು ಐದು ನಿಮಿಷದ ಆಟ! ಒಬ್ಬೊಬ್ಬರಿಗೆ ಐದೇ ನಿಮಿಷ; ಅಷ್ಟರೊಳಗೆ ರಾಜ ಬೀಳಬೇಕು, ಇಲ್ಲವೇ ಹೊತ್ತು ಮುಗಿದು ಸೋಲಬೇಕು. ಅವನು ಕೆಲಸಕ್ಕಿದ್ದ ಚೆಂಬೂರಿನ ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಅವನೆದುರು ಕೂತವರು ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಸೋತು ಎದ್ದಿರುತ್ತಿದ್ದರು. ಮುಂಬಯಿಯ ಪೂರ್ವದಿಕ್ಕಿಗೆ ತಾನೇ ದಿಕ್ಪಾಲಕ ಎಂದು ಅವನು ತೀರ್ಮಾನಿಸಿಕೊಂಡಿದ್ದ. ಅಂಥ ಹೊತ್ತಿನಲ್ಲಿ ಕನ್ನಡ ಸಂಘದ ಪಂದ್ಯದಲ್ಲಿ ಅಣ್ಣು ಸಿಕ್ಕಿದ.

ಅಣ್ಣು ಉಡುಪಿಯ ಕಡೆಯವನು. ಭಾಂಡುಪ್‌ನಲ್ಲಿ ಸಣ್ಣ ಹೋಟೆಲು. ಆ ಪಂದ್ಯದಲ್ಲಿ ಅವನು ಜಯಸಿಂಹನನ್ನು ಸೋಲಿಸಿ, "ಒಳ್ಳೆ ಆಡ್ತೀರಿ ಮಾರಾಯ್ರೆ" ಎಂದು ಬೆನ್ನು ತಟ್ಟಿದ್ದ. ಸೋಲನ್ನಾದರೂ ಸಹಿಸಬಹುದಿತ್ತು, ಆ ತಟ್ಟಿದ್ದನ್ನು ಸಹಿಸುವುದು ಹೇಗೆ! ಸೇಡು ತೀರಿಸಿಕೊಳ್ಳಲು ಭಾಂಡುಪ್‌ಗೆ ಹೋಗಬೇಕೆಂದರೆ ಕುರ್ಲಾದಲ್ಲಿ ಲೋಕಲ್ ರೈಲು ಬದಲಿಸಬೇಕು; ಅಣ್ಣುವೋ ಗಲ್ಲಾ ಬಿಟ್ಟು ಏಳುವವನಲ್ಲ. ಕೊನೆಗೆ ಜಯಸಿಂಹನ ತಲೆಗೆ ಮಹಾ ಉಪಾಯವೊಂದು ಹೊಳೆಯಿತು. ಫೋನಿನಲ್ಲೇ ಆಡುವುದು! ಇಬ್ಬರ ಮುಂದೆಯೂ ಒಂದೊಂದು ಮಣೆ, ಒಂದೊಂದು ಗಡಿಯಾರ. ನಡೆಯನ್ನು ಮಣೆಯ ಮನೆಗಳ ಅಕ್ಷರ, ಅಂಕಿ ಹಿಡಿದು ಬಾಯಲ್ಲಿ ಹೇಳುವುದು, ಅವರವರ ಹೊತ್ತನ್ನು ಅವರವರೇ ನೋಡಿಕೊಳ್ಳುವುದು. ಗಡಿಯಾರಗಳು ಬೇರೆಬೇರೆ, ಜಗಳ ಮಾತ್ರ ಒಂದೇ.

"ಲೈನಿನ ಮೇಲೆ ಚದುರಂಗ! ಇಡೀ ಪ್ರಪಂಚದಲ್ಲಿ ಇನ್ಯಾರಿಗೂ ಹೊಳೆದಿರಲಿಕ್ಕಿಲ್ಲ!" ಎಂದು ಅವನು ಬೀಗಿದ್ದ.

"ಹೊಳೆದಿರತ್ತೆ. ಅವರ ಹೆಂಡತಿಯರು ಬೇಡ ಅಂದಿರ್ತಾರೆ," ಎಂದಿದ್ದಳು ಶಾಮಲಾ.

ಅವಳ ಸಿಟ್ಟಿಗೆ ಕಾರಣವಿತ್ತು. ಮದುವೆಗೆ ಮುಂಚೆ ಮೈಸೂರಿನಲ್ಲಿ ಒಂದು ವರ್ಷ ಮೇಷ್ಟ್ರ ಕೆಲಸ ಮಾಡಿದ್ದವಳು ಅವಳು. ಈಗ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ನಾಲ್ಕನೇ ಕ್ಲಾಸಿಗೆ ಟೀಚರು ಬೇಕೆಂದು ತಿಳಿದು, ಆಫೀಸಿನಲ್ಲಿ ಅರ್ಜಿ ಕೊಟ್ಟು ಬಂದಿದ್ದಳು. "ಹೆಡ್‌ಮಿಸ್ಟ್ರೆಸ್ ಊರಿಂದ ಬಂದ ಕೂಡಲೇ ಸಂದರ್ಶನಕ್ಕೆ ಫೋನ್ ಮಾಡ್ತೀವಿ" ಎಂದಿದ್ದರು. ಅಂದಿನಿಂದ ಅವಳ ಜೀವವೆಲ್ಲ ಆ ಕಪ್ಪು ಡಬ್ಬದಲ್ಲಿತ್ತು. ಡಬ್ಬ ಮಾತ್ರ ಗಂಡನ ಕಿವಿಯಲ್ಲಿತ್ತು.

ಆ ಭಾನುವಾರ ಮೊದಲನೆಯ ಆಟ ಅಮೋಘವಾಗಿ ಆರಂಭವಾಯಿತು. ಜಯಸಿಂಹ ಬಾಣ ಬಿಟ್ಟಂತೆ ನಡೆಗಳನ್ನು ಬಿಡುತ್ತ ಹೋದ. ಎದುರಿನ ರಾಜನ ಮುಂದಿನ ಕಾಲಾಳುಗಳೆಲ್ಲ ಚೆಲ್ಲಾಪಿಲ್ಲಿ! ಜಯಸಿಂಹನ ಮೂಗಿನಿಂದ ತಾನಾಗಿ ಒಂದು ರಾಗ ಹೊರಟಿತು.

"ಆನೆ ಡಿ ಒಂದು," ಎಂದ ಅಣ್ಣು. "ಆರಕ್ಕೆ ಎರಡು ಮಸಾಲೆ!"

"ಡಿ ಆರಾ? ಡಿ ಆರರಲ್ಲಿ ಕಾಲಾಳಿದೆ, ಆನೆ ಹೇಗ್ರೀ ಬರತ್ತೆ ಅಲ್ಲಿಗೆ?"

"ಆನೆ ಒಂದಕ್ಕೆ ಮಾರಾಯ್ರೆ! ಆರನೇ ಟೇಬಲ್ಲಿಗೆ ದೋಸೆ!"

ಈ ಗೊಂದಲ ಬಿಡಿಸುವಷ್ಟರಲ್ಲಿ ಜಯಸಿಂಹನ ಮಂತ್ರಿ ಒಂಟೆಯ ಬಾಯಿಗೆ ಬಿದ್ದಿತ್ತು. ರಾಗ ನಿಂತು ಕೆಮ್ಮು ಬಂತು.

"ಮೋಸ! ದೋಸೆಯ ಹೆಸರಲ್ಲಿ ಮೋಸ!" ಎಂದು ಅವನು ಗುಡುಗಿದ. "ಶಾಮಲಾ, ಆ ಕುಕ್ಕರ್ ಆರ್ಸು! ಅದರ ಸೀಟಿಗೇ ನನ್ನ ಲೆಕ್ಕ ತಪ್ಪಿದ್ದು!"

"ನಿಮ್ಮ ಮಂತ್ರಿ ಹೋಗಿದ್ದು ನಾನಿಟ್ಟ ಬೇಳೆಯಿಂದಾನಾ?" ಎಂದು ಒಳಗಿನಿಂದ ಉತ್ತರ ಬಂತು. "ಐದು ನಿಮಿಷ ಸುಮ್ನೆ ಕೂತ್ಕೊಂಡು, ಎಲ್ಲಿ ತಪ್ಪಾಯ್ತು ಅಂತ ನೋಡ್ಕೊಳ್ಳಿ. ಆಮೇಲೆ ಕೂಗಾಡಿ."

ಆಗ ಫೋನಿನಲ್ಲಿ ಮೂರನೆಯ ಧ್ವನಿಯೊಂದು ಕೇಳಿಸಿತು. ಹೆಂಗಸಿನದು, ವಯಸ್ಸಾದ, ಆದರೆ ಗಟ್ಟಿಯಾದ ಧ್ವನಿ.

"ನಿಮ್ಮ ಮನೆಯವರು ಹೇಳ್ತಿರೋದು ಸರಿಯಾಗಿದೆ."

ಜಯಸಿಂಹ ಬೆಚ್ಚಿಬಿದ್ದ. "ಯಾರದು? ಅಣ್ಣು, ನಿಮ್ಮ ಹೋಟ್ಲಲ್ಲಿ ಯಾರ್ರೀ ಅದು?"

"ನಮ್ಮಲ್ಲಿ ಯಾರೂ ಇಲ್ಲ. ನಿಮ್ಮಲ್ಲೇ ಉಂಟು ಅಂತ ನಾನು ಗ್ರಹಿಸಿದೆ!"

"ಯಾರಲ್ಲೂ ಇಲ್ಲ, ನಡುವೆ ಇದೀನಿ," ಎಂದಿತು ಧ್ವನಿ. "ಕ್ರಾಸ್ ಕನೆಕ್ಷನ್. ನಾನೇನೂ ಕದ್ದು ಕೇಳ್ತಿಲ್ಲ. ರಜೆಯಿಂದ ಬಂದಾಗಿನಿಂದ ನನ್ನ ಫೋನೆತ್ತಿದ್ರೆ ಸಾಕು, ನೀವಿಬ್ಬರೇ. ತಂಗಿ ಜೊತೆ ಒಂದು ಮಾತಾಡೋಕಾಗಿಲ್ಲ. ಕೇಳಿ ಕೇಳಿ ನಿಮ್ಮ ಆಟದ ಬಗ್ಗೆ ನನಗೊಂದು ಅಭಿಪ್ರಾಯ ಬಂದಿದೆ. ಹೇಳ್ಲಾ?"

"ಚದುರಂಗ ಬರತ್ತೇನಮ್ಮ ನಿಮಗೆ?"

"ಇಲ್ಲ. ಗಂಟಲು ಅರ್ಥ ಆಗತ್ತೆ."

ಬೇಡ ಎನ್ನುವಷ್ಟರಲ್ಲಿ ಆಕೆ ಶುರುಮಾಡಿಯೇಬಿಟ್ಟರು. "ಮೊದಲು ಒಳ್ಳೇದು ಹೇಳ್ತೀನಿ. ಧೈರ್ಯ ಇದೆ. ಜ್ಞಾಪಕಶಕ್ತಿ ಇದೆ. ಬುದ್ಧಿ ಬಹಳ ಚುರುಕು. ಮೊದಲೆರಡು ನಿಮಿಷ ನಿಮ್ಮನ್ನ ಮೀರಿಸೋರಿಲ್ಲ. ಇನ್ನು ತಿದ್ದಿಕೊಳ್ಳಬೇಕಾದ್ದು. ಗೆಲ್ಲೋ ಹಾಗಾದ ತಕ್ಷಣ ರಾಗ ತೆಗೀತೀರಿ. ಆಮೇಲೆ ಎದುರಿನವರು ಹೇಳೋದು ಕಿವಿಗೆ ಹೋಗಲ್ಲ. ತಪ್ಪು ನಡೆ ಇಟ್ಟ ತಕ್ಷಣ ಕೆಮ್ಮು, ಎದುರಿನವರಿಗೆ ಗೊತ್ತಾಗಿಬಿಡತ್ತೆ. ಮತ್ತೆ, ಸೋತ ಮೇಲೆ ತಪ್ಪು ಯಾವತ್ತೂ ನಿಮ್ಮದಲ್ಲ. ಒಂದು ಸಲ ಗಡಿಯಾರದ್ದು, ಒಂದು ಸಲ ದೋಸೆದು, ಉಳಿದ ಎಲ್ಲಾ ಸಲ ಹೆಂಡತಿದು."

ಭಾಂಡುಪ್‌ನಿಂದ ಗೋಳಾಟ ಕೇಳಿಸಿತು. "ಅಯ್ಯೋ ಅಮ್ಮಾ, ಆ ಕೆಮ್ಮಿನ ವಿಷಯ ಎಂಥಕ್ಕೆ ಹೇಳಿದ್ದು ನೀವು! ಅದನ್ನೇ ನಂಬಿಕೊಂಡು ಆಡುವುದಲ್ವಾ ನಾನು!"

ಜಯಸಿಂಹ ಫೋನನ್ನು ಕುಕ್ಕಿದ. ಅವನ ಹೆಸರಿನಲ್ಲಿ ಜಯವೂ ಇತ್ತು, ಸಿಂಹವೂ ಇತ್ತು. ಆ ಗಳಿಗೆಯಲ್ಲಿ ಎರಡೂ ಜಾಗ ಖಾಲಿ ಮಾಡಿದ್ದವು.

"ನನ್ನ ಮನೆಯ ಫೋನು! ನನ್ನ ದುಡ್ಡಿನ ಲೈನು! ಅದರೊಳಗೆ ನುಗ್ಗಿ ನನಗೇ ಮಾರ್ಕ್ಸ್ ಕೊಡೋಕೆ ಅವಳ್ಯಾರು?"

"ಎಷ್ಟು ಕೊಟ್ಟರು?" ಎಂದು ಶಾಮಲಾ ಕುತೂಹಲದಿಂದ ಕೇಳಿದಳು.

ಆಕೆಗೆ ಪಾಠ ಕಲಿಸಲು ಜಯಸಿಂಹ ಮರುಸಂಜೆಯೇ ಇನ್ನೊಂದು ಆಟಕ್ಕೆ ಕುಳಿತ. ರಾಗವೂ ಬರಬಾರದು, ಕೆಮ್ಮೂ ಬರಬಾರದು ಎಂದು ಬಾಯಿತುಂಬ ಲವಂಗ, ಕಲ್ಲುಸಕ್ಕರೆ ಇಟ್ಟುಕೊಂಡ. ಫಲವಾಗಿ ಎಫ್ ಎಂದದ್ದು ಎಚ್ ಎಂದು ಕೇಳಿಸಿತು. ಅಣ್ಣು ಅದನ್ನೇ ಹಿಡಿದ. ಹೇಳಿದ ನಡೆ ಹೇಳಿದ್ದೇ! ಕುದುರೆ ಮಣೆಯ ಅಂಚಿಗೆ ಹೋಗಿ ನಿಂತು ಅಲ್ಲೇ ಸತ್ತಿತು. ಸಿಟ್ಟಿನಲ್ಲಿ ಕಲ್ಲುಸಕ್ಕರೆ ಗಂಟಲಿಗೆ ಸಿಕ್ಕಿಕೊಂಡು, ಅದುವರೆಗೆ ತಡೆದಿದ್ದ ಕೆಮ್ಮೆಲ್ಲ ಒಟ್ಟಿಗೆ ಹೊರಬಂತು.

"ನೀರು ಕುಡಿಸಮ್ಮಾ ಅವರಿಗೆ," ಎಂದಿತು ಅದೇ ಧ್ವನಿ.

ಇಷ್ಟಾದ ಮೇಲೆ ಸುಮ್ಮನಿರುವುದು ಗಂಡಸಿನ ಲಕ್ಷಣವೇ? ಮಾರನೆಯ ದಿನ ಜಯಸಿಂಹ ಅರ್ಧ ದಿನ ರಜೆ ಹಾಕಿ ಟೆಲಿಫೋನ್ ಕಚೇರಿಗೆ ಹೋದ. ನಾಗರಿಕನ ಹಕ್ಕು, ಗೃಹಸ್ಥನ ಮಾನ, ಖಾಸಗಿ ಸಂಭಾಷಣೆಯ ಪಾವಿತ್ರ್ಯ ಇವುಗಳ ಬಗ್ಗೆ ಕೌಂಟರಿನ ಮುಂದೆ ಮೂರು ಭಾಷೆಗಳಲ್ಲಿ ಭಾಷಣ ಮಾಡಿದ. ಎಂಟು ವರ್ಷ ಫೋನು ಕೊಡದ ಕಚೇರಿಗೆ ಅಂದು ಅದೆಲ್ಲಿಂದ ಚುರುಕು ಬಂತೋ, ಶುಕ್ರವಾರ ಬೆಳಿಗ್ಗೆಯೇ ಲೈನ್‌ಮನ್ ಬಂದ. ಬಿಲ್ಡಿಂಗಿನ ಕೆಳಗಿನ ಪೆಟ್ಟಿಗೆ ತೆರೆದು, ಕರುಳು ಕಿತ್ತಂತೆ ತಂತಿಗಳನ್ನೆಲ್ಲ ಎಳೆದು ಹಾಕಿದ. ಗಂಟೆಗಟ್ಟಲೆ ಕತ್ತರಿಸಿ, ಗಂಟು ಹಾಕಿ, ಮತ್ತೆ ಕತ್ತರಿಸಿ, "ಬಸ್ ಸಾಬ್, ಅಬ್ ಕ್ರಾಸ್ ಕಭೀ ನಹೀಂ ಹೋಗಾ!" ಎಂದು, ಇನ್ನೆಂದೂ ಕ್ರಾಸ್ ಆಗದೆಂಬ ಭರವಸೆ ಕೊಟ್ಟು ಹೊರಟುಹೋದ.

ಅಂದೂ ರಜೆ ಹಾಕಿದ್ದ ಜಯಸಿಂಹ ವಿಜಯೋತ್ಸಾಹದಿಂದ ಮೇಲೆ ಬಂದು ಫೋನೆತ್ತಿದ. ಯಾವ ಧ್ವನಿಯೂ ಇಲ್ಲ. ಹೆಂಗಸಿನ ಧ್ವನಿಯೂ ಇಲ್ಲ, ಅಣ್ಣುವಿನ ಧ್ವನಿಯೂ ಇಲ್ಲ, ಡಯಲ್ ಟೋನೂ ಇಲ್ಲ! ಸತ್ತ ಲೈನು ಕ್ರಾಸ್ ಆಗುವುದಾದರೂ ಹೇಗೆ?

ಅಷ್ಟರಲ್ಲಿ ಕೆಳಗಿನ ಮನೆಯ ರಾಮಸ್ವಾಮಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ಕಂಪ್ಲೇಂಟ್ ಕೊಟ್ಟಿದ್ದು ನೀವೇ ಏನ್ರೀ? ಇಡೀ ಬಿಲ್ಡಿಂಗಿನ ಫೋನೆಲ್ಲ ಸತ್ತಿದೆ! ಇನ್ನು ಅವನು ಬರೋದು ಸೋಮವಾರವಂತೆ!"

ಶಾಮಲಾ ಅಡುಗೆಮನೆಯಿಂದ ಹೊರಗೆ ಬಂದಳು. ಅವಳು ಕೂಗಾಡಿದ್ದರೆ ಜಯಸಿಂಹನಿಗೆ ಧೈರ್ಯವಿರುತ್ತಿತ್ತು. ಅವಳು ಕೂಗಾಡಲಿಲ್ಲ.

"ನಿನ್ನೆ ಸ್ಕೂಲಿನ ಗುಮಾಸ್ತ ಮಾರ್ಕೆಟ್ಟಿನಲ್ಲಿ ಸಿಕ್ಕಿದ್ರು," ಎಂದಳು ಮೆಲ್ಲಗೆ. "ಇವತ್ತು ಮಧ್ಯಾಹ್ನದೊಳಗೆ ಫೋನ್ ಬರತ್ತೆ ಅಂದ್ರು. ಸಿಗದಿದ್ರೆ ಮುಂದಿನವರನ್ನ ಕರೀತಾರಂತೆ."

ಜಯಸಿಂಹನ ಬಳಿ ಮೂರು ಉತ್ತರಗಳು ಸಿದ್ಧವಾಗಿದ್ದವು. ತಪ್ಪು ಲೈನ್‌ಮನ್‌ನದು. ತಪ್ಪು ಕಚೇರಿಯದು. ತಪ್ಪು ಆ ಹೆಂಗಸಿನದು. ಹೆಂಡತಿಯ ಮುಖ ನೋಡಿ ಮೂರನ್ನೂ ನುಂಗಿಕೊಂಡ.

"ಚಪ್ಪಲಿ ಹಾಕ್ಕೊಳ್ಳಿ," ಎಂದಳು ಶಾಮಲಾ. "ನಾನೇ ಸ್ಕೂಲಿಗೆ ಹೋಗ್ತೀನಿ, ನೀವೂ ಬನ್ನಿ. ಫೋನು ಯಾಕೆ ಸತ್ತಿದೆ ಅಂತ ಅವರಿಗೆ ನೀವೇ ನಿಮ್ಮ ಬಾಯಿಂದ ಹೇಳ್ಬೇಕು."

ಶಾಲೆಗೆ ನಡೆಯುವ ದಾರಿಯುದ್ದಕ್ಕೂ ಜಯಸಿಂಹ ಒಳಗೊಳಗೇ ಕುದಿಯುತ್ತಿದ್ದ. ಇದೆಲ್ಲದರ ಮೂಲ ಆ ಮೂರನೆಯ ಧ್ವನಿ! ಒಂದು ಸಲ ಎದುರಿಗೆ ಸಿಗಲಿ, ಕೇಳಿಯೇ ಬಿಡುತ್ತೇನೆ, ಎಂದು ಬಿಸಿಲಿನಲ್ಲಿ ಒಬ್ಬನೇ ಕೈಬೀಸಿಕೊಂಡ. ಶಾಮಲಾ ಎರಡು ಹೆಜ್ಜೆ ಮುಂದೆಯೇ ನಡೆಯುತ್ತಿದ್ದಳು.

ಹೆಡ್‌ಮಿಸ್ಟ್ರೆಸ್ ಪುಟ್ಟಲಕ್ಷ್ಮಿ ಬೆಳ್ಳಿಗೂದಲಿನ, ದಪ್ಪ ಕನ್ನಡಕದ ಹೆಂಗಸು. ಗುಮಾಸ್ತ ಶಾಮಲಾಳ ಹೆಸರು ಹೇಳಿದಾಗ, ಮೇಜಿನ ಮೇಲಿನ ಅರ್ಜಿಯಿಂದ ತಲೆಯೆತ್ತದೆಯೇ, "ಬನ್ನಿ, ಕೂತ್ಕೊಳ್ಳಿ. ಬೆಳಿಗ್ಗೆಯಿಂದ ನಿಮ್ಮ ನಂಬರಿಗೆ ಮಾಡ್ತಿದೀನಿ. ಮುಂದಿನವರಿಗೆ ಹೇಳಿಕಳಿಸ್ಬೇಕು ಅಂತಿದ್ದೆ," ಎಂದರು.

ಜಯಸಿಂಹ ಕುರ್ಚಿಯ ಮೇಲೆ ಅರ್ಧ ಕೂತವನು ಅರ್ಧದಲ್ಲೇ ನಿಂತ. ವಯಸ್ಸಾದ, ಆದರೆ ಗಟ್ಟಿಯಾದ ಧ್ವನಿ! ಅವನಿಗೆ ತಡೆಯಲಾಗದ ಕೆಮ್ಮು ಬಂತು.

ಪುಟ್ಟಲಕ್ಷ್ಮಿ ಈಗ ತಲೆಯೆತ್ತಿದರು. ಕನ್ನಡಕವನ್ನು ಮೂಗಿನ ತುದಿಗೆ ತಂದು ಅವನನ್ನು ನೋಡಿದರು. ಆಮೇಲೆ ಶಾಮಲಾಳನ್ನು ನೋಡಿದರು. ತುಟಿಯಂಚು ಸ್ವಲ್ಪವೇ ಮೇಲೆದ್ದಿತು.

"ಫೋನಿಗೆ ಏನಾಯ್ತು?"

ಶಾಮಲಾ ಗಂಡನ ಕಡೆ ತಿರುಗಿದಳು. ಒಂದು ನಡೆಗೆ ಮೂರು ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳದ ಮಹಾಶೂರ ಬಹಳ ಹೊತ್ತು ನೆಲ ನೋಡಿದ.

"ನಾನು... ಕಂಪ್ಲೇಂಟ್ ಕೊಟ್ಟಿದ್ದೆ, ಮೇಡಂ. ಅದು ಕೆಟ್ಟಿದ್ದು ನನ್ನಿಂದ. ಅವಳದೇನೂ ತಪ್ಪಿಲ್ಲ."

"ಪರವಾಗಿಲ್ಲವೇ, ಸುಧಾರಿಸಿದೀರಿ," ಎಂದರು ಪುಟ್ಟಲಕ್ಷ್ಮಿ. ಶಾಮಲಾಳಿಗೆ ಅರ್ಥವಾಗಲಿಲ್ಲ, ಜಯಸಿಂಹನಿಗೆ ಚೆನ್ನಾಗಿಯೇ ಅರ್ಥವಾಯಿತು. ಆಕೆ ಅರ್ಜಿಗೆ ಹಿಂದಿರುಗಿದರು. "ನಾಲ್ಕನೇ ಕ್ಲಾಸು ಬಹಳ ತುಂಟ ಕ್ಲಾಸಮ್ಮಾ. ಹೇಳಿದ್ದು ಕೇಳಲ್ಲ, ಕೂತಲ್ಲಿ ಕೂರಲ್ಲ, ತಪ್ಪು ಮಾಡಿ ಪಕ್ಕದವರ ಮೇಲೆ ಹಾಕ್ತವೆ. ಅಂಥೋರನ್ನ ಸಂಭಾಳಿಸಿದ ಅನುಭವ ಇದೆಯಾ?"

"ಮದುವೆಗೆ ಮುಂಚೆ ಒಂದು ವರ್ಷ ಇತ್ತು, ಮೇಡಂ," ಎಂದಳು ಶಾಮಲಾ ಸಂಕೋಚದಿಂದ. "ಆಮೇಲೆ ಏನೂ ಇಲ್ಲ."

"ಸುಳ್ಳು ಹೇಳ್ಬೇಡಿ. ಮದುವೆ ಆದ ಮೇಲಿನ ಅನುಭವವೇ ದೊಡ್ಡದು. ಫೋನಲ್ಲಿ ನಾನೇ ಕಿವಿಯಾರೆ ಕೇಳಿದೀನಿ. ಸೋಮವಾರದಿಂದ ಬಂದ್ಬಿಡಿ."

ಶಾಮಲಾಳಿಗೆ ಆಗ ಎಲ್ಲವೂ ಹೊಳೆಯಿತು. ನಗು ತಡೆಯಲು ಸೆರಗನ್ನು ಬಾಯಿಗಿಟ್ಟುಕೊಂಡಳು. ಜಯಸಿಂಹ ಕೆರಳಿ ಎದ್ದೇ ನಿಂತ. ಪರರ ಮನೆಯ ಮಾತನ್ನು ಕೇಳಿ ನೌಕರಿ ಕೊಡುವುದು ಯಾವ ನ್ಯಾಯ, ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಪುಟ್ಟಲಕ್ಷ್ಮಿಯೇ ಮಾತಾಡಿದರು.

"ಕೂತ್ಕೊಳ್ಳಿ, ಇನ್ನೊಂದು ವಿಷಯ ಇದೆ. ಶನಿವಾರ ಮಧ್ಯಾಹ್ನ ಮಕ್ಕಳಿಗೆ ಚದುರಂಗ ಹೇಳ್ಕೊಡೋಕೆ ಒಬ್ಬ ಒಳ್ಳೆ ಆಟಗಾರರು ಬೇಕಾಗಿದೆ."

ಜಯಸಿಂಹನ ರೋಷವೆಲ್ಲ ಒಂದೇ ಗಳಿಗೆಯಲ್ಲಿ ಕರಗಿತು. ಎಷ್ಟಾದರೂ ಗುಣ ಬಲ್ಲ ಹೆಂಗಸು! ಅಂಗಿಯ ಕಾಲರು ಸರಿಮಾಡಿಕೊಂಡು, ಎದೆಯುಬ್ಬಿಸಿ, ವಿನಯದಿಂದ ಮುಗುಳ್ನಕ್ಕ.

"ಅದಕ್ಕೇನಂತೆ ಮೇಡಂ, ಮಕ್ಕಳ ಸೇವೆ ಅಂದ ಮೇಲೆ..."

"ಆ ಅಣ್ಣು ಅನ್ನೋರ ನಂಬರ್ ಇದೆಯಾ?"

ಜಯಸಿಂಹ ತೆರೆದ ಬಾಯಿ ಮುಚ್ಚುವಷ್ಟರಲ್ಲಿ ಶಾಮಲಾ ನಂಬರನ್ನು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಿದ್ದಳು.