ಕ್ಲಾಸೆಟ್ಟಿನೊಳಗೆ ಬೀಸುವ ಪದ

ಜನಪದ ಸಂಗೀತ ಉಳಿಸುತ್ತೇನೆ ಅಂತ ಹೊರಟ ದಿನದಿಂದ ಒಂದಲ್ಲ ಒಂದು ಎಡವಟ್ಟು ಆಗುತ್ತಲೇ ಇದೆ. ಜನಪದಕ್ಕೇನೂ ಆಗಿಲ್ಲ, ಅದು ಗಟ್ಟಿ. ಆಗುವುದೆಲ್ಲ ನನಗೇ.

2020ರಲ್ಲಿ ಆಫೀಸು ಮನೆಗೇ ಬಂದು ಕೂತಾಗ ಆಶ್‌ಬರ್ನ್‌ನ ನಮ್ಮ ಟೌನ್‌ಹೌಸಿನಲ್ಲಿ ಶುರು ಮಾಡಿದ್ದು ಇದು. ವಾರಕ್ಕೆ ಅರ್ಧ ಗಂಟೆ ಕನ್ನಡ ಜನಪದ ಹಾಡು, ನಡುನಡುವೆ ನನ್ನ ವಿವರಣೆ. ರೆಕಾರ್ಡ್ ಮಾಡಿ ಡುಲುತ್‌ಗೆ, ಕ್ಯಾರೊಲೈನಾ ಕಡೆಗೆ, ಅಲ್ಲಿನ ಸಮುದಾಯ ರೇಡಿಯೋಗಳಿಗೆ ಫೈಲ್ ಕಳಿಸುತ್ತೇನೆ. ಅವರು ಪ್ರಸಾರ ಮಾಡುತ್ತಾರೆ. ಯಾರು ಕೇಳುತ್ತಾರೆ ಅಂತ ಮಾತ್ರ ಕೇಳಬೇಡಿ.

೧. ಸ್ಟುಡಿಯೋ

ನನ್ನ ಸ್ಟುಡಿಯೋ ಅಂದರೆ ಹೆಂಡತಿ ಬಟ್ಟೆ ಇಡುವ ಪುಟ್ಟ ಕೋಣೆ, ಕ್ಲಾಸೆಟ್. ರೇಷ್ಮೆ ಸೀರೆಗಳ ನಡುವೆ ಕೂತರೆ ದನಿ ಗುಂಯ್ ಅನ್ನುವುದಿಲ್ಲ. ಒಂದು ಶನಿವಾರ ಗಂಟಲು ಗಂಭೀರ ಮಾಡಿಕೊಂಡು, "ನಮ್ಮ ತಾಯಂದಿರ ನೋವೇ ಹಾಡಾಗಿ..." ಅನ್ನುತ್ತಿದ್ದೆ. ಬಾಗಿಲು ತೆರೆಯಿತು.

"ರೀ, ತಾಯಂದಿರ ನೋವು ಆಮೇಲಿರಲಿ. ನೀವು ಕೂತಿರೋದು ನನ್ನ ಹಸಿರು ಸೀರೆ ಮೇಲೆ. ಏಳ್ರಿ!"

ಎದ್ದೆ. ಇಸ್ತ್ರಿಯನ್ನೂ ನಾನೇ ಮಾಡಿಕೊಟ್ಟೆ.

೨. ಕೇಳುಗರು

ಡುಲುತ್‌ನ ರೇಡಿಯೋದಲ್ಲಿ ಕನ್ನಡದ ಸಮಯ ನೋಡಿಕೊಳ್ಳುವವರು ನಿವೃತ್ತ ಡಾಕ್ಟರ್ ಅಂಕಲ್. ಈಚೆಗೆ ಫೋನ್ ಮಾಡಿದರು.

"ಏನಯ್ಯಾ, ಇಷ್ಟು ವರ್ಷದಿಂದ ಹಾಕ್ತಿದೀನಿ, ಒಂದು ಈಮೇಲಾದ್ರೂ ಬಂದಿದ್ಯಾ? ಈ ತಿಂಗಳೊಳಗೆ ಯಾರೂ ಬರೀಲಿಲ್ಲ ಅಂದ್ರೆ ಆ ಸ್ಲಾಟ್ ಸಕ್ಕರೆ ಕಾಯಿಲೆ ಪ್ರೋಗ್ರಾಮಿಗೆ."

"ಅದನ್ನ ಯಾರು ಮಾಡ್ತಾರೆ ಅಂಕಲ್?"

"ನಾನೇ."

ಆಫೀಸಿನಲ್ಲಿ ಕಂಪ್ಯೂಟರ್ ಕೋಡ್ ಬರೆಯೋಕೆ ನನ್ನಂಥವರು ನಮ್ಮ ಬೀದಿಯಲ್ಲೇ ಹತ್ತು ಜನ ಸಿಗುತ್ತಾರೆ. ನನ್ನದು ಅಂತ ಇದ್ದದ್ದು ಆ ಅರ್ಧ ಗಂಟೆ ಒಂದೇ. ಮಾನ ಬಿಟ್ಟು ಮಗಳ ಹತ್ತಿರ ಹೋಗಿ, "ನೀನೇ ಒಂದು ಈಮೇಲ್ ಬರಿಯಮ್ಮ" ಅಂದೆ.

"ಬಟ್ ಅಪ್ಪಾ, ನಾನು ಕೇಳೋದೇ ಇಲ್ಲ. ದಟ್ಸ್ ಲೈಯಿಂಗ್!"

ಸುಳ್ಳು ಹೇಳಬಾರದು ಅಂತ ಕಲಿಸಿದ್ದೂ ನಾನೇ, ಕರ್ಮ.

೩. ಕಲ್ಲು

ಪಕ್ಕದೂರು ಶ್ಯಾಂಟಿಲಿಯ ಗೆಳೆಯನ ಅತ್ತೆ ಮಂಡ್ಯ ಕಡೆಯಿಂದ ಬಂದಿದ್ದಾರೆ, ರಾಗಿ ಬೀಸುವಾಗ ಹೇಳುವ ಪದ ಚೆನ್ನಾಗಿ ಹೇಳುತ್ತಾರೆ ಅಂತ ಗೊತ್ತಾಯಿತು. ಓಡಿಹೋಗಿ ಕರೆತಂದೆ. ಕ್ಲಾಸೆಟ್ಟಿನಲ್ಲಿ ಕೂರಿಸಿ, "ಆಂಟಿ, ಕೈ ಆಡಿಸಬೇಡಿ, ಬಳೆ ಸದ್ದು ಬರುತ್ತೆ" ಅಂದೆ. ಎರಡು ಸಾಲು ಹೇಳಿ ನಿಲ್ಲಿಸಿಬಿಟ್ಟರು.

"ಕೈ ಆಡ್ದಿದ್ರೆ ಪದ ಬರಕ್ಕಿಲ್ಲ ಕನಪ್ಪ. ಕಲ್ಲು ತತ್ತಾ."

ಆಶ್‌ಬರ್ನ್‌ನಲ್ಲಿ ಡೇಟಾ ಸೆಂಟರ್ ಬೇಕಾದಷ್ಟಿವೆ, ಬೀಸುವ ಕಲ್ಲು ಎಲ್ಲಿಂದ ತರಲಿ? ಅಡುಗೆಮನೆ ಹುಡುಕಿ, ತೊಳೆದ ಸೊಪ್ಪಿನ ನೀರು ತೆಗೆಯಲು ಮೇಲಿನ ಹಿಡಿಕೆ ಹಿಡಿದು ತಿರುಗಿಸುವ ಪ್ಲಾಸ್ಟಿಕ್ ಬುಟ್ಟಿ ತಂದೆ. ಹಗುರ ಅಂದರು. ಅಕ್ಕಿ ತುಂಬಿಸಿದೆ. ಗರಗರ ತಿರುಗಿತು ನೋಡಿ, ಪದ ತಾನಾಗೇ ಹರಿಯಿತು. ನನಗೆ ಮೈ ಜುಮ್ ಅಂದಿತು.

"ಒಬ್ಬಳೇ ಬೀಸಾಕಾದದಾ? ಎದುರ್ಗೆ ಕೂತ್ಕೊ, ನೀನೂ ಹಿಡಿ" ಅಂದರು. ಹಿಡಿದೆ. ಹಿಡಿದವನು ಸುಮ್ಮನಿರಬೇಕಲ್ಲ, "ಕೇಳುಗರೇ, ಈ ಪದದ ಒಳಾರ್ಥ ಏನೆಂದರೆ..." ಅಂತ ಶುರು ಹಚ್ಚಿಕೊಂಡೆ.

"ಬಾಯ್ ಮುಚ್ಕೊಂಡು ತಿರುಗ್ಸಪ್ಪ, ಹಿಟ್ಟು ತರಿತರಿ ಆಯ್ತದೆ!"

೪. ಈಮೇಲ್

ಬೈಗುಳ, ಗರಗರ, ಬಳೆ ಸದ್ದು ಎಲ್ಲ ಕತ್ತರಿಸಿ, ನನ್ನ ಒಳಾರ್ಥವನ್ನು ಪೂರ್ತಿ ತುಂಬಿಸಿ ಒಂದು ಶುದ್ಧ ಫೈಲ್ ಮಾಡಿದೆ. ಗಡಿಬಿಡಿಯಲ್ಲಿ ಕಳಿಸಿದ್ದು ಮಾತ್ರ ಕತ್ತರಿಸದೇ ಇದ್ದ ಫೈಲು.

ಪ್ರಸಾರವಾದ ಮಾರನೇ ದಿನ ಡಾಕ್ಟರ್ ಅಂಕಲ್ ಫೋನು. "ಏನಯ್ಯಾ ಕಳಿಸಿದೀಯ!" ಅಂದರು. ಮುಗೀತು ನನ್ನ ಕಥೆ ಅಂದುಕೊಂಡೆ.

"ಈಮೇಲ್ ಮೇಲೆ ಈಮೇಲ್! ಕ್ಯಾರೊಲೈನಾ ರೇಡಿಯೋದವರಿಗೂ ಬಂದಿದ್ಯಂತೆ, ಅಲ್ಲಿ ಒಬ್ಬಾಕೆ ಕಾರ್ ನಿಲ್ಲಿಸಿ ಅತ್ತರಂತೆ. ಎಲ್ಲರಿಗೂ ಆ ಆಂಟೀನೇ ಬೇಕು."

"ಮತ್ತೆ... ನನ್ನ ಬಗ್ಗೆ ಅಂಕಲ್?"

"ಬರೆದಿದಾರೆ, ಒಬ್ಬರು. 'ನಡುವೆ ಮಾತಾಡೋರು ಆಂಟಿ ಹೇಳಿದ ಮಾತು ಕೇಳಲಿ' ಅಂತ."

ಸ್ಲಾಟ್ ಉಳಿಯಿತು. ಈಗ ಹಾಡೂ ಆಂಟಿಯದೇ, ವಿವರಣೆಯೂ ಆಂಟಿಯದೇ. ನನ್ನ ಅರ್ಧ ಗಂಟೆಯಲ್ಲಿ ನನಗೆ ಅಂತ ಉಳಿದಿರುವುದು ಕೊನೆಯ ಒಂದು ಸಾಲು. ಅದನ್ನೂ ಅವರೇ ಹೇಳುತ್ತಾರೆ:

"ಕಲ್ಲು ತಿರುಗ್ಸಿದ್ದು, ಈವಯ್ಯ."