ದುಕ್ಮ್‌ನಲ್ಲಿ ಮೊದಲ ಸ್ಥಾನ

ಕಣ್ಣು ತೆರೆದುಕೊಂಡೇ ಕನಸು ಕಾಣುವ ವಿದ್ಯೆ ನನಗೆ ಹುಟ್ಟಿನಿಂದಲೇ ಸಿದ್ಧಿಸಿದೆ. ನನ್ನ ಧರ್ಮಪತ್ನಿ ತ್ರಿವೇಣಿ ಅದನ್ನು ಕಾಯಿಲೆ ಎನ್ನುತ್ತಾಳೆ. ಇಷ್ಟು ವರ್ಷಗಳ ಸಂಸಾರದಲ್ಲಿ ಅವಳಿಗೆ ನನ್ನ ಮೇಲಿರುವ ದೂರು ಇದೊಂದೇ (ಉಳಿದವು ದೂರುಗಳಲ್ಲವಂತೆ, ಸಾಬೀತಾದ ಆರೋಪಗಳಂತೆ). ಆದರೆ ಈ ಸಲದ ಕನಸಿಗೆ ಕಿಡಿ ಹಚ್ಚಿದವಳು ನನ್ನ ಮಗಳು.

ಗದಗಿನವನಾದ ನಾನು ಮಸ್ಕತ್ತಿನ ಹತ್ತಿರ ಸೀಬ್‌ನಲ್ಲಿ, ಪಂಪು ವಾಲ್ವುಗಳ ಕಂಪನಿಯೊಂದರಲ್ಲಿ ಇಂಜಿನಿಯರ್. ಮಗಳು ಕುಸುಮ ಆಗ ಹನ್ನೊಂದನೇ ಕ್ಲಾಸು ಮುಗಿಸುತ್ತಿದ್ದಳು. ಒಂದು ಶುಕ್ರವಾರದ ಸಂಜೆ ಮೂವರೂ ಸಮುದ್ರದಂಡೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು. ನೀರಿನ ಮೇಲೆ ಬೆಳಕು ಕೇಸರಿ ಹಾಲಿನಂತೆ ಹರಡಿತ್ತು. ದೂರದ ಹಡಗೊಂದನ್ನು ಬಹಳ ಹೊತ್ತು ನೋಡಿದ ಕುಸುಮ, "ಅಪ್ಪಾ, ನಾನು ನೇವಿ ಸೇರ್ತೀನಿ. ಎನ್‌ಡಿಎ ಪರೀಕ್ಷೆ ಬರೀತೀನಿ. ಐ ಆಮ್ ಸೀರಿಯಸ್," ಅಂದಳು.

ಅಷ್ಟೇ. ನನ್ನೆದುರಿನ ಸಮುದ್ರ ಪೆರೇಡ್ ಮೈದಾನವಾಯಿತು. ಬ್ಯಾಂಡು ಮೊಳಗಿತು. ಬಿಳಿ ಸಮವಸ್ತ್ರ ತೊಟ್ಟ ನನ್ನ ಮಗಳು ಕತ್ತಿ ಹಿಡಿದು ಮುಂದೆ ನಡೆದು ಬಂದಳು. ಮೊದಲ ಸಾಲಿನಲ್ಲಿ ನಾನು ಸೂಟು ಧರಿಸಿ ವಿರಾಜಮಾನನಾಗಿದ್ದೆ. ಪಕ್ಕದಲ್ಲಿ ನನ್ನ ಮಾವನವರು, ಇವತ್ತಿಗೂ ನನ್ನನ್ನು 'ನಮ್ಮ ತ್ರಿವೇಣಿಯ ಗಂಡ' ಎಂದಷ್ಟೇ ಪರಿಚಯಿಸುವವರು, ಎದ್ದು ನಿಂತು ನನಗೇ ಸೆಲ್ಯೂಟ್ ಹೊಡೆದರು. ನಾನೂ ಗಂಭೀರವಾಗಿ ಕೈಯೆತ್ತಿದೆ.

"ರೀ! ಚಹಾ ಪ್ಯಾಂಟಿನ ಮ್ಯಾಲೆ ಚೆಲ್ಲಾಕತ್ತೈತಿ!" ಎಂದಳು ತ್ರಿವೇಣಿ.

ಪ್ಯಾಂಟು ಒಣಗುವ ಮೊದಲೇ ನಾನು ಮೊಬೈಲಿನಲ್ಲಿ ಸಂಶೋಧನೆ ಆರಂಭಿಸಿದ್ದೆ. ಸೈನಿಕ ಅಕಾಡೆಮಿಗೆ ಆಯ್ಕೆ ಹೇಗೆ ಎಂದು ಟೈ ಕಟ್ಟಿದವನೊಬ್ಬ ವಿಡಿಯೋದಲ್ಲಿ ಬಹಳ ಚೆಂದ ವಿವರಿಸುತ್ತಿದ್ದ. ಅಂಕ ಎಷ್ಟು ಬಂದಿದೆ ಎಂದು ನೋಡುತ್ತಾರಂತೆ. ಅದಕ್ಕಿಂತ ಮುಖ್ಯವಾಗಿ, ಕ್ಲಾಸಿನಲ್ಲಿ ಎಷ್ಟನೇ ರ‍್ಯಾಂಕು ಎಂದು ನೋಡುತ್ತಾರಂತೆ. ಸುಲಭದ ವಿಷಯಗಳನ್ನು ಓದಿ ರ‍್ಯಾಂಕು ಹೊಡೆದರೆ ಅವರು ಮರುಳಾಗುವುದಿಲ್ಲವಂತೆ, ಕಷ್ಟದ ವಿಷಯಗಳೇ ಬೇಕಂತೆ. ನನಗೆ ಇದು ತೀರಾ ನ್ಯಾಯವಾಗಿ ಕಂಡಿತು. ಶಾಲೆಯಲ್ಲೇ ರ‍್ಯಾಂಕು ಇಲ್ಲದವರಿಗೆ ಸೈನ್ಯದಲ್ಲಿ ರ‍್ಯಾಂಕು ಯಾರು ಕೊಟ್ಟಾರು?

ತೊಂದರೆ ಇದ್ದದ್ದು ಇಲ್ಲೇ. ಮಸ್ಕತ್ತಿನಲ್ಲಿ ನಮ್ಮವರ ಮಕ್ಕಳು ತೊಂಬತ್ತೈದು ಪರ್ಸೆಂಟು ಕೈಯಲ್ಲಿ ಹಿಡಿದುಕೊಂಡೇ ಹುಟ್ಟುತ್ತಾರೆ. ಅವರ ನಡುವೆ ಕುಸುಮ ಎಂಬತ್ತೆಂಟು ತೆಗೆದು ಕ್ಲಾಸಿನ ನಟ್ಟನಡುವೆ ಎಲ್ಲೋ ಇದ್ದಳು. ಗಣಿತ, ಭೌತಶಾಸ್ತ್ರ ಬಿಡಿಸುವಂತಿಲ್ಲ. ರ‍್ಯಾಂಕು ಏರಲೇಬೇಕು. ಮಗಳನ್ನು ಮೇಲೆತ್ತಲು ಆಗದಿದ್ದರೆ ಕ್ಲಾಸನ್ನೇ ಚಿಕ್ಕದು ಮಾಡಿದರಾಯಿತಲ್ಲ! ಈ ದಿವ್ಯಜ್ಞಾನ ನನಗೆ ಆಫೀಸಿನ ಲಿಫ್ಟಿನಲ್ಲಿ ಉದಯಿಸಿತು. ದುಕ್ಮ್‌ನ ನಮ್ಮ ಸೈಟಿನಿಂದ ಬಂದಿದ್ದ ಬೋಜ ಎಂಬವರು, ಅಲ್ಲಿನ ಸಣ್ಣ ಶಾಲೆಯಲ್ಲಿ ತಮ್ಮ ಮಗ ಕ್ಲಾಸಿಗೇ ಫಸ್ಟು, ಕ್ಲಾಸಿನಲ್ಲಿರುವವರೇ ನಾಲ್ಕು ಮಕ್ಕಳು ಎಂದು ಹೇಳುತ್ತಿದ್ದರು.

ದುಕ್ಮ್ ಅಂದರೆ ಸೀಬ್‌ನಿಂದ ಇಡೀ ದಿನದ ದಾರಿ. ಒಂದು ಕಡೆ ಮರಳು, ಇನ್ನೊಂದು ಕಡೆ ಸಮುದ್ರ, ನಡುವೆ ಬಂದರು ಮತ್ತು ಕಂಪನಿಗಳ ಕ್ಯಾಂಪು. ಅಲ್ಲಿಗೆ ವರ್ಗವಾದವರನ್ನು ನಮ್ಮ ಆಫೀಸಿನಲ್ಲಿ ತಬ್ಬಿಕೊಂಡು ಬೀಳ್ಕೊಡುತ್ತಾರೆ. ನಾನು ನೇರ ಹೋಗಿ ವರ್ಗಾವಣೆಯ ವ್ಯವಹಾರ ನೋಡುವ ಪುತ್ತೂರಿನ ಮಹ್ರೂಫ್ ಮುಂದೆ ಕೂತೆ.

"ಎಂತ ಸಚ್ಚಿದಾನಂದರೇ, ಹುಷಾರಿದ್ದೀರಲ್ಲ? ದುಕ್ಮ್‌ಗೆ ಕಳಿಸಿ ಅಂತ ಕೇಳಿಕೊಂಡು ಬಂದವರು ಈ ಆಫೀಸಿನಲ್ಲಿ ನೀವೇ ಮೊದಲು ಮಾರಾಯ್ರೆ!"

"ಮಗಳ ಭವಿಷ್ಯರೀ," ಅಂದೆ.

"ಆಯ್ತು. ಆದರೆ ಒಂದು ಸಲ ಸಹಿ ಆದ ಮೇಲೆ ಖಲಾಸ್. ಎರಡು ವರ್ಷ ವಾಪಸ್ ಕೇಳಬಾರದು."

ನಾನು ಅರೆಕ್ಷಣವೂ ಯೋಚಿಸಲಿಲ್ಲ. ಪೆನ್ನು ಹಿಡಿದಾಗಲೂ ಕಿವಿಯಲ್ಲಿ ಬ್ಯಾಂಡು ಕೇಳಿಸುತ್ತಿತ್ತು.

ಮನೆಗೆ ಬಂದು ಘೋಷಿಸಿದೆ. ತ್ರಿವೇಣಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು (ಇದು ಒಳ್ಳೆಯ ಲಕ್ಷಣವಲ್ಲ).

"ಎಲ್ಲಿಗೆ ಅಂದ್ರಿ?"

"ದುಕ್ಮ್. ಸಮುದ್ರ ಐತಿ, ಗಾಳಿ ಭಾಳ ಚಲೋ..."

"ಗಾಳಿ ಕುಡಕೊಂಡ ಇರೂದಾ ಅಲ್ಲೆ? ನಿಮಗ ಕನಸ ಬಿದ್ರ ಬೀಳ್ಲಿ. ನಮ್ಮನ್ಯಾಕ ಅದರಾಗ ಕರಕೊಂಡ ಹೋಗ್ತೀರಿ?"

"ಕುಸುಮಂಗ ಫಸ್ಟ್ ರ‍್ಯಾಂಕ್ ಬೇಕಲ್ಲ! ನಾಕು ಮಂದಿಯೊಳಗ ಫಸ್ಟ್ ಬರೂದು ಏನ ಮಹಾ?"

ಅಷ್ಟರಲ್ಲಿ ಕುಸುಮ ಒಳಗೆ ಬಂದು, ಬಿಸಿ ರೊಟ್ಟಿಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, "ಯಾವ ರ‍್ಯಾಂಕ್?" ಎಂದು ಕೇಳಿದಳು. ನಾನು ಹೆಮ್ಮೆಯಿಂದ ವಿಡಿಯೋ ತೋರಿಸಿದೆ. ಅವಳು ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ವೈದ್ಯರು ರೋಗಿಯ ಮನೆಯವರೊಡನೆ ಮಾತಾಡುವ ದನಿಯಲ್ಲಿ ಹೇಳಿದಳು:

"ಅಪ್ಪಾ, ಇದು ಅಮೆರಿಕಾದ ಅಕಾಡೆಮಿ. ಅಲ್ಲಿ ಕ್ಲಾಸ್ ರ‍್ಯಾಂಕ್ ಎಲ್ಲಾ ನೋಡ್ತಾರ. ನಮ್ಮ ಎನ್‌ಡಿಎಗೆ ಅವರದ್ದೇ ಬೇರೆ ಎಂಟ್ರೆನ್ಸ್ ಐತಿ, ಆಮ್ಯಾಲೆ ಇಂಟರ್‌ವ್ಯೂ. ನೇವಿಗೆ ಹನ್ನೆರಡನೇದ್ರಾಗ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ತಗೊಂಡು ಪಾಸಾಗಿದ್ರ ಸಾಕು. ಕ್ಲಾಸ್‌ನ್ಯಾಗ ಎಷ್ಟನೇ ನಂಬರ್ ಅಂತ ನೋಬಡಿ ಆಸ್ಕ್ಸ್."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ಈ ಸಲ ಅದರಲ್ಲೊಂದು ಲಯವಿತ್ತು. ನಾನು ಬಾಲ್ಕನಿಗೆ ಓಡಿ ಮಹ್ರೂಫ್‌ಗೆ ಫೋನು ಮಾಡಿದೆ.

"ಸಹಿ ಆಯ್ತಲ್ಲ ಸಚ್ಚಿದಾನಂದರೇ," ಅಂದ ಆತ ಮರುಕದಿಂದ. "ಬೀಳ್ಕೊಡುಗೆಗೆ ಕೇಕ್ ಕೂಡ ಹೇಳಿ ಆಗಿದೆ."

ಹೀಗೆ ತಾಯಿ ಮಗಳು ಸೀಬ್‌ನಲ್ಲೇ ಉಳಿದರು. ನಾನೊಬ್ಬನೇ ಕಂಪನಿಯ ಬಸ್ಸು ಹತ್ತಿದೆ.

ದುಕ್ಮ್‌ನ ಬಗ್ಗೆ ಸುಳ್ಳು ಹೇಳಬಾರದು. ಕ್ಯಾಂಪಿನ ಸಾರು ಮಾತ್ರ ಬಿಟ್ಟರೆ, ಕನಸುಗಾರನಿಗೆ ಅದಕ್ಕಿಂತ ಒಳ್ಳೆಯ ಊರಿಲ್ಲ. ಸಂಜೆ ಗಾಳಿ ಏಳುತ್ತದೆ, ಮರಳು ನೆಲದ ಮೇಲೆ ಹೊಗೆಯಂತೆ ಜಾರುತ್ತದೆ, ಹಡಗುಗಳು ಒಂದೊಂದಾಗಿ ದೀಪ ಹಚ್ಚಿಕೊಳ್ಳುತ್ತವೆ. ದಂಡೆಯಲ್ಲಿ ಕೂತು ನಾನು ಪ್ರತಿ ಹಡಗಿನ ಮೇಲೂ ನನ್ನ ಮಗಳನ್ನು ನಿಲ್ಲಿಸುತ್ತಿದ್ದೆ. ಚಹಾ ಚೆಲ್ಲಿದರೆ ಕೂಗುವವರಿರಲಿಲ್ಲ. ಕೂಗುವವರಿಲ್ಲ ಎಂದು ಇಷ್ಟು ಬೇಸರವಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಕುಸುಮ ಲಿಖಿತ ಪರೀಕ್ಷೆ ಪಾಸಾದಳು. ಸಂದರ್ಶನಕ್ಕೆಂದು ಇಂಡಿಯಾಕ್ಕೆ ಹೋದಳು. ಅಲ್ಲಿ ದಿನಗಟ್ಟಲೆ ಓಡಿಸಿ, ಹಗ್ಗ ಹತ್ತಿಸಿ, ಕತೆ ಬರೆಸಿ, ಪ್ರಶ್ನೆ ಕೇಳುತ್ತಾರಂತೆ. ಆ ದಿನಗಳಲ್ಲಿ ನನ್ನ ಕೈಕೆಳಗಿನ ಒಂದು ಪಂಪೂ ಸರಿಯಾಗಿ ತಿರುಗಲಿಲ್ಲ. ಕೊನೆಗೊಂದು ಸಂಜೆ ಫೋನು ಬಂತು.

"ಅಪ್ಪಾ, ಸೆಲೆಕ್ಟ್ ಮಾಡ್ಯಾರ! ಮೆಡಿಕಲ್ ಒಂದು ಬಾಕಿ!"

ನಾನು ಕೂತಲ್ಲಿಂದ ಎದ್ದು ನಿಂತೆ. "ಏನ್ ಏನ್ ಕೇಳಿದ್ರವ್ವಾ?" ಎಂದೆ.

"ಪೂರ್ತಿ ವಿಚಾರಿಸದ ನಿರ್ಧಾರ ತಗೊಂಡ್ರ ಏನಾಗ್ತದ, ನಿನಗ ಗೊತ್ತಿರೋ ಒಂದು ಉದಾಹರಣೆ ಹೇಳು ಅಂದ್ರು. ನಿನ್ನ ಕತಿ ಹೇಳಿದೆ. ಆಫೀಸರ್ ನಕ್ಕೂ ನಕ್ಕೂ ಕನ್ನಡಕ ತಗದು ಕಣ್ಣ ಒರಸ್ಕೊಂಡ್ರು. ಆಮ್ಯಾಲೆ, 'ನಿಮ್ಮ ತಂದೆ ಈಗ ವಾಪಸ್ ಬಂದ್ರಾ?' ಅಂತ ಕೇಳಿದ್ರು."

"ನೀ ಏನಂದಿ?"

"'ಇಲ್ಲ ಸರ್, ಇನ್ನೂ ಒಂದು ವರ್ಷ ಅಲ್ಲೇ ಇರ್ತಾರ' ಅಂದೆ. ಅದನ್ನ ಕೇಳಿ ಅವರು ಪಕ್ಕದ ಕೋಣೆಯಿಂದ ಇನ್ನಿಬ್ಬರು ಆಫೀಸರ್‌ನ ಕರೆದ್ರು, ಮತ್ತ ಮೊದಲಿಂದ ಹೇಳಿಸಿದ್ರು."