ಭಾರಿ ಟನ್ ಕುಪ್ಪುಸ್ವಾಮಿ

ಎಂಟನೆಯ ನೋಟೀಸನ್ನು ವೆಂಕಟೇಶಪ್ಪ ಉಗುರಿನಿಂದ ಕೆರೆಯುತ್ತಿದ್ದ. ಮೈದಾ ಅಂಟು ಒಣಗಿ ಕಲ್ಲಾಗಿತ್ತು. ಕಾಗದ ಬರಲಿಲ್ಲ, ಗೋಡೆಯ ಸುಣ್ಣ ಬಂತು.

"ಕಿತ್ತು ಏನ್ ಪ್ರಯೋಜನ ಸಾರ್? ಇಡೀ ಕೋರಮಂಡಲ್ ಕಾಲೋನಿ ಓದಾಯ್ತು."

ಹಿಂದೆ ನಿಂತಿದ್ದವನು ಆರುಮುಗಂ, ಗಣಿಯೊಳಗೆ ಅದಿರಿನ ಬಂಡಿ ತಳ್ಳುವವನು.

ನೋಟೀಸಿನಲ್ಲಿ 'ಬ್ಯಾರಿಟೋನ್ ಕುಪ್ಪುಸ್ವಾಮಿ ಅವರಿಗೆ ಸನ್ಮಾನ' ಎಂದಿರಬೇಕಿತ್ತು. ರಾಬರ್ಟ್‌ಸನ್‌ಪೇಟೆಯ ಅಚ್ಚುಕೂಟದವನು ಅಂಥ ಪದವನ್ನು ಹುಟ್ಟಿದಾರಭ್ಯ ಕಂಡಿರಲಿಲ್ಲ. ಗಣಿಯೂರಿನ ಮನುಷ್ಯ. ಉಪಕಾರಕ್ಕೆಂದು ತಿದ್ದಿ 'ಭಾರಿ ಟನ್ ಕುಪ್ಪುಸ್ವಾಮಿ' ಎಂದು ಜೋಡಿಸಿದ್ದ.

"ಕುಪ್ಪುಸ್ವಾಮಿ ಎಷ್ಟು ಟನ್ ತಳ್ದ ಸಾರ್? ಲ್ಯಾಂಪ್ ರೂಮಿನಾಗೆ ಕೂತು ದೀಪ ಒರೆಸಿ ಕೊಡೋನು. ದೀಪಾನೂ ಟನ್ನಾಗೆ ತೂಗ್ತಾರಾ? ತಳ್ಳಿ ತಳ್ಳಿ ನನ್ ಬೆನ್ನು ಬಿಲ್ಲಾಗೈತೆ. ನನಗೆ ಯಾವನೂ ಒಂದು ಬೀಡಿ ಕೊಡ್ಲಿಲ್ಲ!"

"ಟನ್ ಅಲ್ಲಪ್ಪಾ, ಟೋನು. ದನಿ!"

"ಯಾವ ದನಿ?"

ವೆಂಕಟೇಶಪ್ಪನಿಗೆ ಸುಸ್ತಾಯಿತು. ಹನ್ನೆರಡು ವರ್ಷದಿಂದ ಇದನ್ನೇ ಹೇಳುತ್ತಿದ್ದ. ಅವನು ಗಣಿಯ ಹಾಜರಿ ಬರೆಯುವ ಟೈಂ ಆಫೀಸಿನ ಗುಮಾಸ್ತ, ಕಲಾ ಸಂಘದ ಕಾರ್ಯದರ್ಶಿ. ಎರಡು ಕಡೆಯೂ ಅವನ ಮಾತು ಫ್ಯಾನಿನ ಸದ್ದಿನಂತೆ, ನಿಂತರೆ ಮಾತ್ರ ಗೊತ್ತಾಗುವಂಥದು. ಸಂಘದ ನಾಟಕಗಳಲ್ಲಿ ರಾಜನ ಪಾರ್ಟು ಕೀಚುದನಿಯ ಶ್ರೀನಿವಾಸಪ್ಪನಿಗೆ, ಹಾರವೂ ಅವನಿಗೇ. ಕುಪ್ಪುಸ್ವಾಮಿಗೆ ಸಿಕ್ಕಿದ್ದು ಪರದೆಯ ಹಿಂದಿನ ಅಶರೀರವಾಣಿ, ಗುಹೆಯೊಳಗಿನ ರಾಕ್ಷಸ, ಹೆಚ್ಚೆಂದರೆ ಮುಖ ತೋರಿಸದ ಸಮುದ್ರರಾಜ. ಆದರೆ ಆ ದನಿ! ಆಳುಗಳನ್ನು ಗಣಿಗಿಳಿಸುವ ಶಾಫ್ಟಿನ ಕೇಜು ದಡಕ್ಕನೆ ಕೆಳಗಿಳಿಯುವಾಗ ಹೊಟ್ಟೆಯೊಳಗೆ ಏನೋ ಕಳಚುತ್ತದಲ್ಲ, ಕೇಳಿದರೆ ಹಾಗಾಗುತ್ತಿತ್ತು.

ಒಮ್ಮೆ ನಾಟಕಕ್ಕೆ ಬಂದಿದ್ದ ಬಿಳಿ ದೊರೆಯೊಬ್ಬ ಹೇಳಿದ್ದ: "ನಮ್ಮ ದೇಶದಲ್ಲಿ ಇದಕ್ಕೆ ಬ್ಯಾರಿಟೋನ್ ಅನ್ನುತ್ತಾರೆ. ಒಪೆರಾ ಎಂಬ ಹಾಡಿನ ನಾಟಕಗಳಲ್ಲೂ ಹುಡುಗಿ ಸಿಗುವುದು ಸಣ್ಣ ದನಿಯವನಿಗೇ. ಇವರಿಗೆ ಅಪ್ಪನ ಪಾರ್ಟು, ಇಲ್ಲವೇ ಕೊಲೆಗಾರನದು." ಜಗತ್ತಿನಾದ್ಯಂತ ಒಂದೇ ಅನ್ಯಾಯ ಎಂದು ತಿಳಿದು ವೆಂಕಟೇಶಪ್ಪನಿಗೆ ಅಂದು ನಿದ್ದೆ ಬಂದಿರಲಿಲ್ಲ.

ಕುಪ್ಪುಸ್ವಾಮಿಗೆ ಇವತ್ತು ನಿವೃತ್ತಿ. ನಾಳೆ ಮೊದಲ ಬಸ್ಸಿಗೆ ತನ್ನೂರು ಕಾಮಸಮುದ್ರಕ್ಕೆ. ಆ ದನಿಗೆ ನಾಲ್ಕು ಜನರ ಎದುರು ಮರ್ಯಾದೆ ಆಗುವುದಾದರೆ ಇವತ್ತೇ ಆಗಬೇಕು.

ಹತ್ತು ಗಂಟೆಗೆ ಮೇಲಿನ ಸಾಹೇಬರು ಕರೆಸಿ, ಅದಿರಿನ ಟನ್ನಿನ ಲೆಕ್ಕ ಗೋಡೆಯ ಮೇಲೆ ಯಾಕೆ ಬಂತೆಂದು ಮೆಮೊ ಕೊಟ್ಟರು. ಮಧ್ಯಾಹ್ನ ಬಂಡಿ ತಳ್ಳುವವರು ನಲವತ್ತು ಮಂದಿ ಬಂದು, ತಮಗೂ ಸನ್ಮಾನ ಬೇಕೆಂದು ಆಫೀಸಿನ ಕಿಟಕಿಗೆ ಜೇನಿನಂತೆ ಕವಿದರು. ನಾಲ್ಕಕ್ಕೆ ಸಂಘದ ಅಧ್ಯಕ್ಷ ಅಶ್ವತ್ಥಪ್ಪನವರು ಬಂದರು. ಅವರದು ಜವಳಿ ಅಂಗಡಿ, ಶಾಲು ಅವರದೇ.

"ಏನಯ್ಯಾ ನಿನ್ ತರಲೆ? ಸುಮ್ಕೆ ಆರುಮುಗಂಗೆ ಶಾಲು ಹೊದಿಸ್ಬಿಡು. ಅವನ ಕಡೆಯೋರು ನಲವತ್ತು ಜನ ಪಂಚೆ ತಗೋತಾರೆ."

ಸಂಜೆ ಸಂಘದ ತಗಡಿನ ಶೆಡ್ಡು ತುಂಬಿತು. ಮಡಿಸಿದ ಗೆರೆ ಇನ್ನೂ ಬಿಡದ ಅಂಗಿಯಲ್ಲಿ ಕುಪ್ಪುಸ್ವಾಮಿ ಬೆವರುತ್ತಿದ್ದ.

"ಟೋನೇ ಅಂದ್ರೆ ಎತ್ತಿ ತೋರಿಸ್ಲಿ," ಎಂದು ಆರುಮುಗಂ ಎದ್ದು ನಿಂತ. "ಭಾರಿಯಾಗಿದ್ರೆ ನಾನೇ ಕೈಯಾರೆ ಶಾಲು ಒದಿಸ್ತೀನಿ!"

"ಹಾಡಿ ಅಣ್ಣಾ," ವೆಂಕಟೇಶಪ್ಪ ಕೈ ಮುಗಿದ. "ಒಂದೇ ಒಂದು. ಸಮುದ್ರರಾಜನದು."

"ಬ್ಯಾಡ ತಂಬೀ. ಗಂಟಲು ಕಟ್ಟೈತೆ."

ಬಿಡಲಿಲ್ಲ. ಕುಪ್ಪುಸ್ವಾಮಿ ಬಾಯಿ ತೆರೆದ. ಬಂದದ್ದು ಎಣ್ಣೆ ಕಾಣದ ರಾಟೆಯ ಕಿರ್ರೆಂಬ ಸದ್ದು. ಅದರ ಮುಂದೆ ಶ್ರೀನಿವಾಸಪ್ಪನ ದನಿ ಗುಡುಗು ಎನ್ನಬೇಕು. ಶೆಡ್ಡು ನಕ್ಕಿತು, ಸಿಳ್ಳೆ ಹೊಡೆಯಿತು. ಮುದುಕನ ಕಣ್ಣು ನೆಲ ಕಂಡಿತು.

ಆಗ ಹೆಂಗಸರ ಕಡೆಯಿಂದ ಸಮುದ್ರರಾಜ ಎದ್ದ. ತಗಡು ಝುಂ ಎಂದಿತು. ನಗು ನಿಂತುಹೋಯಿತು. ಎಲ್ಲರೂ ತಿರುಗಿದರು: ಚಾಪೆಯ ಮೇಲೆ ಕುಪ್ಪುಸ್ವಾಮಿಯ ಹೆಂಡತಿ ಕದಿರಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಹಾಡುತ್ತಿದ್ದಳು.

ಹಾಡು ಮುಗಿದಾಗ ಆರುಮುಗಂ ಕೆಳಗೆ ಕೂತ.

"ಮೊದಲಿಂದ ಅವಳೇ ತಂಬೀ," ಕುಪ್ಪುಸ್ವಾಮಿ ಪಿಸುಗುಟ್ಟಿದ. "ದೀಪ ಒರೆಸಿ ಒರೆಸಿ ಗಣಿ ಧೂಳಿಗೆ ನನ್ ಗಂಟಲು ಓಯ್ತು. ಪರದೆ ಇಂದೆ ಯಾರು ನೋಡ್ತಾರೆ ಅಂತ..."

ವೆಂಕಟೇಶಪ್ಪನಿಗೆ ದಿನದ ದಣಿವೆಲ್ಲ ಇಳಿದಂತಾಯಿತು. ಅಧ್ಯಕ್ಷರ ಕೈಯಿಂದ ಶಾಲು ಕಿತ್ತುಕೊಂಡು ಚಾಪೆಯ ಬಳಿಗೆ ಓಡಿದ.

"ಅಮ್ಮಾ, ಇದು ನಿಮ್ಮದು! ಬ್ಯಾರಿಟೋನ್ ನೀವೇ!"

"ಅಂಗಂದ್ರೆ ಏನಪ್ಪಾ?"

ಅವನು ಯೋಚಿಸದೆ ಹೇಳಿಬಿಟ್ಟ. "ಗಂಡಸಿನ ಭಾರವಾದ ದನಿ ಅಂತ, ಅಮ್ಮಾ."

ಹಿಂದೆ ಹೆಂಗಸರು ಕಿಸಕ್ಕೆಂದರು. ಕದಿರಮ್ಮನ ಮುಖ ಕಪ್ಪಿಟ್ಟಿತು.

"ನನ್ನ ನೋಡೋಕೆ ಬಂದ ಏಳು ಗಂಡೂ ಇದೇ ಮಾತು ಅಂದು ಎದ್ದೋದ್ರು. ಇವರೊಬ್ಬರೇ ಕೂತಿದ್ದು," ಎಂದು ಗಂಡನನ್ನು ನೋಡಿದಳು. ಆಮೇಲೆ ಶಾಲನ್ನು ವೆಂಕಟೇಶಪ್ಪನ ಎದೆಗೇ ತಳ್ಳಿದಳು.

"ನಂಗ್ ಬ್ಯಾಡ. ತಗೊಂಡೋಗು."